ಎರಡನೆಯವರ ರುಜು

ಹಾಲು ಉಕ್ಕಲು ನಾಲ್ಕು ನಿಮಿಷ ಬೇಕು ಎಂಬುದನ್ನು ಅವಳು ಕಂಡುಕೊಂಡದ್ದು ಈ ವಾರವೇ. ಬಸ್ಸಿಳಿದು ಆಸ್ಪತ್ರೆಯ ಗೇಟು ಮುಟ್ಟಲು ನಾಲ್ಕು ನಿಮಿಷ. ಗಂಡ ಗಡ್ಡ ಹೆರೆದು ಮುಖ ತೊಳೆಯಲು ನಾಲ್ಕು. ಮೂರನೆಯ ಮಹಡಿಗೆ ಲಿಫ್ಟು ಬರಲು, ಒಳ್ಳೆಯ ದಿನವಾದರೆ, ನಾಲ್ಕು. ಇಷ್ಟು ದಿನ ಲೆಕ್ಕಕ್ಕೇ ಬಾರದಿದ್ದ ಆ ಹೊತ್ತು ಈಗ, ಒಬ್ಬ ಹೆಂಗಸು ಬಾಯಿ ತೆರೆದು ಒಂದು ಮಾತಾಡಿ, ಆಡಿದ್ದನ್ನು ವಿವರಿಸಿ, ನಗೆಪಾಟಲಾಗಿ, ಆದರೂ ಪಟ್ಟುಬಿಡದೆ ಮತ್ತೊಮ್ಮೆ ಆಡುವಷ್ಟು ದೊಡ್ಡದಾಗಿ ಕಾಣುತ್ತಿತ್ತು. ಒಲೆ ಆರಿಸಿ ಗುಂಡಿಯನ್ನು ಮುಟ್ಟಿ ನೋಡಿದಳು. ಚಪ್ಪಲಿ ಮೆಟ್ಟಿಕೊಂಡವಳು ಮತ್ತೆ ಒಳಗೆ ಬಂದು ಮುಟ್ಟಿದಳು. ‘ಆರಿಸಿದ್ದೀಯ, ನಾನೇ ನೋಡಿದೀನಿ. ಇನ್ನೊಂದ್ಸಲ ಮುಟ್ಟಿದ್ರೆ ಆ ಗುಂಡಿಯೇ ಎದ್ದು ಓಡಿಹೋಗುತ್ತೆ ನೋಡು,’ ಎಂದ ಗಂಡ, ಟವೆಲಿನೊಳಗಿಂದ. ಅವನಿಗೆ ಅವಳು ಹೇಳಿದ್ದು ಇಷ್ಟೇ: ಆಫೀಸಿನಲ್ಲಿ ಒಂದು ಡಿಸ್ಕು ಹಾಳಾಗಿದೆ, ಇವತ್ತು ಮೂರು ಗಂಟೆಗೆ ವಿಚಾರಣೆ, ಮೇಷ್ಟ್ರ ಕೆಲಸ ಹೋಗಬಹುದು. ‘ಪಾಪ,’ ಎಂದಿದ್ದ ಅವನು. ‘ಸದ್ಯ, ನೀನಿರಲಿಲ್ಲವಲ್ಲ.’ ತಾನು ಇರಲಿಲ್ಲವೆಂದು ಅವಳು ಹೇಳಿರಲಿಲ್ಲ. ಇದ್ದೆ ಎಂದೂ ಹೇಳಿರಲಿಲ್ಲ.

ಗಂಟಲಿನ ವಿಭಾಗದ ಆ ಕೋಣೆಗೆ ಕಿಟಕಿಯಿರಲಿಲ್ಲ. ಗೋಡೆಗೆಲ್ಲ ಬೂದುಬಣ್ಣದ ಸ್ಪಂಜು ಮೆತ್ತಿದ್ದ ಒಳಕೋಣೆ ಒಂದು, ಹೊರಗೆ ಎರಡು ಕುರ್ಚಿ, ಒಂದು ಕಂಪ್ಯೂಟರು. ಗಂಟಲಿನೊಳಗಿನ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಳ್ಳಬೇಕಾದವರು ಹಿಂದಿನ ದಿನ ಬಂದು ಸ್ಪಂಜಿನ ನಡುವೆ ಕೂತು, ಗೊತ್ತುಮಾಡಿದ ಮೂವತ್ತು ವಾಕ್ಯ ಓದಿ, ಕೊನೆಗೆ ತಮಗೆ ತೋಚಿದ್ದನ್ನು ಹೇಳಿ ಹೋಗುತ್ತಿದ್ದರು. ಹನ್ನೊಂದು ವರ್ಷದಲ್ಲಿ ಎರಡು ಸಾವಿರದ ಮುನ್ನೂರ ಹದಿನಾರು ಜನ. ಅವರ ದನಿಗಳನ್ನು ಕಾಯುವುದು ಅವಳ ಮತ್ತು ಮೇಷ್ಟ್ರ ಕೆಲಸ. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕಂಡಕಂಡವರಿಗೆ ಕಲಿಸಲು ಕೂರುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ನಿವೃತ್ತಿಗೆ ಎರಡು ವರ್ಷವಿತ್ತು. ತೆರೆಯ ಮೇಲಿನ ಚಿತ್ರಗಳನ್ನು ಮೌಸಿನಿಂದ ಒತ್ತಿ ಎಳೆದು ನಕಲು ಮಾಡುವುದನ್ನು ಅವರು ನಂಬುತ್ತಿರಲಿಲ್ಲ. ‘ಎಳೆದದ್ದು ಎಲ್ಲಿ ಜಾರಿ ಬೀಳುತ್ತೋ ದೇವರಿಗೇ ಗೊತ್ತು. ಬಾಯಿಬಿಟ್ಟು ಹೇಳಬೇಕು, ಇದನ್ನ ಇಲ್ಲಿಂದ ಅಲ್ಲಿಗೆ ಅಂತ,’ ಎನ್ನುತ್ತಾ ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರದಲ್ಲಿ ಅಪ್ಪಣೆಯ ಸಾಲನ್ನು ಟೈಪು ಮಾಡುತ್ತಿದ್ದರು. ಅದಕ್ಕೊಂದು ಕಟ್ಟಳೆಯನ್ನೂ ಮಾಡಿದ್ದರು. ಒಬ್ಬರು ಟೈಪು ಮಾಡಿ ಪ್ರತಿಯೊಂದು ಗುರುತನ್ನೂ ಗಟ್ಟಿಯಾಗಿ ಓದಬೇಕು. ಎರಡನೆಯವರು ತೆರೆಯ ಮೇಲೆ ಬೆರಳಿಟ್ಟು, ಸರಿಯಾದ ಸಾಲು ಬರೆದು ಗೋಡೆಗೆ ಅಂಟಿಸಿದ ಹಾಳೆಯ ಜೊತೆ ಹೋಲಿಸುತ್ತಾ ಹೋಗಿ, ಕೊನೆಗೆ ‘ಹೂಂ’ ಎನ್ನಬೇಕು. ಆ ಹೂಂ ಬೀಳದೆ ಎಂಟರ್ ಒತ್ತುವ ಹಾಗಿಲ್ಲ. ಆಮೇಲೆ ರಿಜಿಸ್ಟರಿನಲ್ಲಿ ಇಬ್ಬರ ರುಜು.

ಹೂಂ ಎನ್ನುವುದು ಅವಳಿಗೆ ಹೊಸದೇನಾಗಿರಲಿಲ್ಲ. ಅಜ್ಜಿ ಕತೆ ಹೇಳುವಾಗ ಹೂಂಗುಟ್ಟದಿದ್ದರೆ ಕತೆ ಅಲ್ಲಿಗೇ ನಿಲ್ಲುತ್ತಿತ್ತು. ಅವಳಿಗೆ ನಿದ್ದೆ ಬರುತ್ತಿತ್ತು, ಕತೆಯೂ ಬೇಕಿತ್ತು. ಕಣ್ಣು ಮುಚ್ಚಿದ ಮೇಲೂ ಬಾಯಿ ತನ್ನಷ್ಟಕ್ಕೆ ಹೂಂಗುಡುತ್ತಿತ್ತು. ಅಜ್ಜಿ ಕಳ್ಳಿ. ಅದೇ ರಾಗದಲ್ಲಿ, ‘ಆಮೇಲೆ ರಾಜ ಏನ್ಮಾಡಿದ, ನಿನ್ನನ್ನ ಎತ್ತಿ ಬಾವಿಗೆ ಹಾಕಿದ’ ಎನ್ನುತ್ತಿದ್ದಳು. ‘ಹೂಂ.’ ‘ಮೇಲೆ ಕಲ್ಲು ಮುಚ್ಚಿದ.’ ‘ಹೂಂ.’ ಮನೆಯವರೆಲ್ಲ ನಗುವ ಸದ್ದಿಗೆ ಅವಳಿಗೆ ಎಚ್ಚರವಾಗುತ್ತಿತ್ತು. ಎಚ್ಚರವಾದೊಡನೆ ಮೊದಲು ಹೇಳುತ್ತಿದ್ದ ಮಾತು, ‘ನಾನು ಕೇಳ್ತಾ ಇದ್ದೆ.’

ಡಿಸ್ಕು ನಕಲು ಮಾಡಿದ ಸೋಮವಾರಕ್ಕೆ ನಾಲ್ಕು ದಿನ ಮೊದಲು, ವಿಭಾಗದವರೆಲ್ಲ ಚಹಾಕ್ಕೆ ಸೇರಿದ್ದಾಗ, ಅವಳು ಮೇಷ್ಟ್ರನ್ನು ಒಂದು ಪ್ರಶ್ನೆ ಕೇಳಿದ್ದಳು. ಏನು ಪ್ರಶ್ನೆ ಎಂಬುದು ಈಗ ನೆನಪಿಲ್ಲ. ಆಗಲೇ ಮೂರು ಸಲ ಕೇಳಿದ್ದ ಪ್ರಶ್ನೆ ಎಂಬುದು ಮಾತ್ರ ನೆನಪಿದೆ. ಮೇಷ್ಟ್ರು ಬಸಿಯಲ್ಲಿದ್ದ ಚಹಾ ಹೀರಿ, ‘ನಮ್ಮ ಡೌಟಮ್ಮ ಮದುವೆಮಂಟಪದಲ್ಲೂ ಕೇಳಿರಬೇಕು, ಗಂಡು ಇವರೇನಾ, ಇನ್ನೊಂದ್ಸಲ ನೋಡಿ ಅಂತ,’ ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವರ ನಗುವಿನಲ್ಲಿ ಪ್ರೀತಿಯೇ ಇತ್ತು. ಆದರೆ ನರ್ಸುಗಳು ನಕ್ಕರು, ದೊಡ್ಡ ಡಾಕ್ಟರೂ ಕಪ್ಪಿನ ಹಿಂದೆ ನಕ್ಕರು, ಕಸ ಗುಡಿಸುವವಳು ಅರ್ಥವಾಗದೆ ನಕ್ಕಳು. ಮಾರನೆಯ ದಿನದಿಂದ ಕಾರಿಡಾರಿನಲ್ಲಿ ಅವಳು ಡೌಟಮ್ಮ. ತನ್ನ ಎಚ್ಚರವನ್ನು ಒಂದು ಒಡವೆಯ ಹಾಗೆ ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದವಳಿಗೆ, ಅದು ಜನರ ಕಣ್ಣಿಗೆ ಕೆನ್ನೆಯ ಮೇಲಿನ ಮಸಿಯ ಹಾಗೆ ಕಾಣುತ್ತದೆಂದು ಗೊತ್ತಿರಲಿಲ್ಲ. ಅಂದು ಬಸ್ಸಿನಲ್ಲಿ ಅವಳು ತೀರ್ಮಾನಿಸಿದಳು: ಇನ್ನು ಕೇಳುವುದಿಲ್ಲ. ಯಾರಾದರೂ ತಪ್ಪಿ ಬಾವಿಗೆ ಬಿದ್ದರೂ ಕೇಳುವುದಿಲ್ಲ.

ಸೋಮವಾರ ಹಳೆಯ ಡಿಸ್ಕು ಟಿಕ್ ಟಿಕ್ ಎನ್ನುತ್ತಿತ್ತು. ಎಷ್ಟೋ ವರ್ಷದಿಂದ ಕೇಳಿದ ಮೇಲೆ ಹೊಸದೊಂದು ಬಂದಿತ್ತು, ಅಂಗೈಯಗಲದ್ದು. ಹಳೆಯದರಲ್ಲಿ ದಿನಾಂಕದ ಪ್ರಕಾರ ಎಲ್ಲವೂ ಇದ್ದವು: ಓದುವಾಗ ಕೆಮ್ಮಿ ನಿಲ್ಲಿಸಿದ್ದು, ಅತ್ತು ಎದ್ದುಹೋದದ್ದು, ಮತ್ತೆ ಬಂದು ಓದಿದ್ದು. ಅದೆಲ್ಲ ಹಿಡಿಸುವಷ್ಟು ಹೊಸದು ದೊಡ್ಡದಿರಲಿಲ್ಲ. ಮೇಷ್ಟ್ರು ಹಿಂದೆಯೇ ಹೆಸರುಗಳ ಒಂದು ಪಟ್ಟಿ ಮಾಡಿಟ್ಟಿದ್ದರು, ಒಬ್ಬೊಬ್ಬರದು ಒಂದೊಂದು ಸರಿಯಾದ ದನಿ. ಅದನ್ನಷ್ಟೇ ಕೊಂಡೊಯ್ಯಬೇಕಿತ್ತು. ಆದರೆ ಆ ಪಟ್ಟಿಯ ಹೆಸರುಗಳಲ್ಲಿ ದನಿಗಳಿರಲಿಲ್ಲ. ದನಿ ಯಾವ ದಿನಾಂಕದಡಿ ಇದೆಯೆಂದು ತೋರಿಸುವ ಸೂಚನೆಗಳಿದ್ದವು, ಬೀಗ ಹಾಕಿದ ಮನೆಯ ಬಾಗಿಲಿಗೆ ‘ಪಕ್ಕದ ಮನೆಯಲ್ಲಿ ವಿಚಾರಿಸಿ’ ಎಂದು ಚೀಟಿ ಅಂಟಿಸಿದ ಹಾಗೆ. ಚೀಟಿಯನ್ನಲ್ಲ, ಚೀಟಿ ತೋರಿಸುವ ಮನೆಗೆ ಹೋಗಿ ಅಲ್ಲಿರುವುದನ್ನು ತಾ ಎಂದು ಅಪ್ಪಣೆಯಲ್ಲಿ ಬಿಡಿಸಿ ಹೇಳಬೇಕಿತ್ತು. ಗೋಡೆಯ ಹಾಳೆಯಲ್ಲಿ ಅದಿತ್ತು. ಮೇಷ್ಟ್ರು ಹಾಳೆ ನೋಡದೆ ನೆನಪಿನಿಂದ ಟೈಪು ಮಾಡಿದರು, ಆ ತುಂಡು ಬಿಟ್ಟುಹೋಯಿತು. ಗಟ್ಟಿಯಾಗಿ ಓದಿದರು. ಅವಳು ಅವರ ಹಿಂದೆ ನಿಂತಿದ್ದಳು. ಬೆರಳು ತೆರೆಯ ಮೇಲಿತ್ತು, ಕಣ್ಣು ಅವರ ಕತ್ತಿನ ಮೇಲಿತ್ತು. ಕ್ಷೌರ ಮಾಡಿಸಿಕೊಂಡು ಬಂದಿದ್ದ ಕತ್ತು, ಕಾಲರಿನ ಒಳಗೆ ಎರಡು ಬಿಳಿ ಕೂದಲು. ಆ ಕತ್ತಿನವರು ತನ್ನನ್ನು ಹಾಗೆ ನಗೆಪಾಟಲು ಮಾಡಿದರಲ್ಲ ಎಂದುಕೊಳ್ಳುತ್ತಿದ್ದಾಗ ಓದು ಮುಗಿದಿತ್ತು.

‘ಹೂಂ,’ ಎಂದಳು.

ನಾಲ್ಕು ನಿಮಿಷ. ಆರು ಗಂಟೆ ಹಿಡಿಯಬಹುದು, ಬುತ್ತಿ ಇಲ್ಲೇ ಬಿಚ್ಚೋಣ ಎಂದಿದ್ದರು ಮೇಷ್ಟ್ರು. ನಾಲ್ಕು ನಿಮಿಷಕ್ಕೆ ತೆರೆ ಸುಮ್ಮನಾಯಿತು. ಅಲ್ಲಿ ಎರಡು ಸಾವಿರದ ಮುನ್ನೂರ ಹದಿನಾರು ಹೆಸರು, ಇಲ್ಲೂ ಅಷ್ಟೇ. ‘ನೋಡಿದ್ಯೇನಮ್ಮ, ಹೊಸ ಕುದುರೆ!’ ಎಂದು ಮೇಷ್ಟ್ರು ಹೊಸ ಡಿಸ್ಕಿನ ಬೆನ್ನು ತಟ್ಟಿದರು. ಮೂರು ಹೆಸರು ಒತ್ತಿ ನೋಡಿದರು. ಮೂರು ದನಿಯೂ ಸ್ಪಷ್ಟವಾಗಿ ಕೇಳಿಸಿದವು, ಯಾಕೆಂದರೆ ಹಳೆಯ ಡಿಸ್ಕಿನ ತಂತಿಯನ್ನು ಇನ್ನೂ ಕಳಚಿರಲಿಲ್ಲ. ಚೀಟಿ ಓದಿ ಪಕ್ಕದ ಮನೆಗೆ ಹೋಗಿ ಕೇಳಿದ ಹಾಗೆ. ಹಳೆಯದನ್ನು ಕಳಚಿ ಆಮೇಲೆ ಪರೀಕ್ಷಿಸಿ ಎಂಬುದು ಹಾಳೆಯ ಕೊನೆಯ ಸಾಲು. ಅವಳು ಆ ಸಾಲನ್ನು ನೋಡಿದಳು. ಗಡಿಯಾರವನ್ನೂ ನೋಡಿದಳು. ನಾಲ್ಕು ನಿಮಿಷವೇ, ಎಂದು ಅವಳೊಳಗೆ ಯಾರೋ ಸ್ಪಷ್ಟವಾಗಿ ಕೇಳಿದರು, ಡೌಟಮ್ಮನ ದನಿಯಲ್ಲಿ. ಅವಳು ಆ ದನಿಯ ಬಾಯಿ ಮುಚ್ಚಿದಳು. ಇವತ್ತು ನಾನು ಏನೂ ಕೇಳಲಿಲ್ಲವೆಂದು ಇವರು ಗಮನಿಸಲಿ ಎಂಬ ಒಂದು ಬಗೆಯ ಸಣ್ಣ ಖುಷಿ ಕೂಡ ಇತ್ತು. ಒಳಕೋಣೆಯಲ್ಲಿ ರೋಗಿ ಕಾಯುತ್ತಿದ್ದರು. ‘ರುಜು ಆಮೇಲೆ ಹಾಕ್ತೀನಿ ಮೇಷ್ಟ್ರೇ,’ ಎಂದು ಹೋದಳು.

ರೋಗಿಗಳ ಗುಟ್ಟು ಹೊರಗೆ ಹೋಗಬಾರದೆಂದು ಹಳೆಯ ಡಿಸ್ಕುಗಳನ್ನು ಅಳಿಸಿ, ಡ್ರಿಲ್ಲಿನಿಂದ ತೂತು ಕೊರೆದು ಎಸೆಯುವುದು ಆಸ್ಪತ್ರೆಯ ನಿಯಮ. ಮಂಗಳವಾರ ಬೆಳಿಗ್ಗೆ ಕೊರೆಯುವ ಸದ್ದು ಕೇಳಿದಾಗ ಅವಳು ಹೊಲಿಗೆ ಬಿಟ್ಟ ಬ್ಯಾಗಿನ ಹಿಡಿಯನ್ನು ಸೂಜಿದಾರದಿಂದ ಸರಿಮಾಡಿಕೊಳ್ಳುತ್ತಿದ್ದಳು.

ಗುರುವಾರ ವಾಚು ರಿಪೇರಿ ಅಂಗಡಿಯ ಮುದುಕರು ಬಂದರು. ಪ್ರತಿ ಗುರುವಾರ ಅಂಗಡಿಗೆ ರಜೆ. ಅಂದು ಬಂದು, ತೀರಿಹೋದ ಹೆಂಡತಿಯ ದನಿಯನ್ನು ಒಂದೇ ಒಂದು ಸಲ ಕೇಳಿ, ಹೆಡ್‌ಫೋನನ್ನು ಮಡಿಸಿಟ್ಟು ಹೋಗುತ್ತಿದ್ದರು. ಅವಳು ಹೆಸರು ಒತ್ತಿದಳು. ಅವರು ಎಂದಿನಂತೆ ಕಣ್ಣು ಮುಚ್ಚಿ ಕೂತರು. ಬಹಳ ಹೊತ್ತಿನ ಮೇಲೆ, ‘ಇವತ್ತು ಏನೂ ಕೇಳಿಸ್ತಾ ಇಲ್ಲವಲ್ಲಮ್ಮ,’ ಎಂದು ಎಡಗಿವಿಯನ್ನು ಉಜ್ಜಿಕೊಂಡರು. ‘ನನ್ನ ಕಿವಿಯೇ ಹೋಯ್ತೋ ಏನೋ. ಈಚೆಗೆ ವಾಚಿನ ಟಿಕ್ಕೂ ಸರಿಯಾಗಿ ಕೇಳಲ್ಲ.’ ತೆರೆಯ ಮೇಲೆ ಒಂದು ಸಾಲು ಬಂದಿತ್ತು: ಅಂಥದ್ದು ಯಾವುದೂ ಇಲ್ಲ. ಅವಳು ಇನ್ನೊಂದು ಹೆಸರು ಒತ್ತಿದಳು, ಮತ್ತೊಂದು, ಹತ್ತು, ಇಪ್ಪತ್ತು. ಎಲ್ಲ ಬಾಗಿಲಿನ ಮೇಲೂ ಚೀಟಿ, ಪಕ್ಕದ ಮನೆಯೇ ಇಲ್ಲ. ಆಗ ಅವಳು ಹೇಳಬಹುದಾಗಿದ್ದ ಮಾತುಗಳು ಬೇಕಾದಷ್ಟಿದ್ದವು. ಅವಳು ಹೇಳಿದ್ದು, ‘ಒಂದ್ಸಲ ಕಿವಿ ತೋರಿಸ್ಕೊಳ್ಳಿ. ಕೆಳಗೆ ಎರಡನೇ ಮಹಡೀಲಿ ನೋಡ್ತಾರೆ.’

ಈ ಗುರುವಾರವೂ ಅವರು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು, ಕೈಯಲ್ಲಿ ಒಂದು ಚೀಟಿ. ಅವಳನ್ನು ಕಂಡವರೇ ಎದ್ದರು. ‘ತೋರಿಸ್ಕೊಂಡು ಬಂದೆನಮ್ಮ. ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗೇ ಇದೆಯಂತೆ.’ ಒಳ್ಳೆಯ ಸುದ್ದಿ ಹೇಳಿದವರ ಹಾಗೆ ನಗುತ್ತಿದ್ದರು. ‘ಹಾಗಾದ್ರೆ ಇವತ್ತು ಕೇಳಿಸುತ್ತೆ, ಅಲ್ವಾ?’ ವಿಚಾರಣೆಯಿದೆ, ಇವತ್ತು ದನಿ ಕೇಳಲು ಬಂದವರಿಗೆ ಕೋಣೆ ತೆರೆಯುವುದಿಲ್ಲ ಎಂದಳು. ಅದು ನಿಜವೂ ಹೌದು. ನಿಜವನ್ನು ಎಲ್ಲಿ ಎಷ್ಟು ಕತ್ತರಿಸಿದರೆ ಕೈಗೆ ರಕ್ತವಾಗುವುದಿಲ್ಲ ಎಂಬುದು ಒಂದೇ ವಾರದಲ್ಲಿ ಅವಳಿಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಬಸ್ಸಿನಲ್ಲಿ ಅವಳು ನಾಲ್ಕು ವಾಕ್ಯ ಕಟ್ಟಿಕೊಂಡು ಬಂದಿದ್ದಳು. ನಾನೂ ಅಲ್ಲಿದ್ದೆ. ನೋಡದೆ ಹೂಂ ಅಂದೆ. ಬೇಗ ಮುಗಿದದ್ದು ಗೊತ್ತಾಯಿತು, ಹೇಳಲಿಲ್ಲ. ಶಿಕ್ಷೆ ಕೊಡುವುದಾದರೆ ಇಬ್ಬರಿಗೂ ಕೊಡಿ. ನಾಲ್ಕನೆಯದು ನಾಟಕದ ಮಾತಿನ ಹಾಗೆ ಕೇಳಿಸುತ್ತದೆಂದು ತೆಗೆದುಹಾಕಿದಳು; ತೆಗೆದಮೇಲೆ ಮೂರನೆಯದು ಕೊನೆಯದಾಗಿ, ಬೆತ್ತಲೆ ನಿಂತ ಹಾಗಾಯಿತು; ಅದನ್ನೂ ಬಿಡಬಹುದೇ ಎಂದು ಯೋಚಿಸಿದಳು. ಮೂರಕ್ಕೆ ಹತ್ತು ನಿಮಿಷವಿದ್ದಾಗ ಮೇಷ್ಟ್ರು ದೊಡ್ಡ ಡಾಕ್ಟರ ಬಾಗಿಲ ಮುಂದೆ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ. ಅದೇ ಕತ್ತು. ‘ಮೇಷ್ಟ್ರೇ, ಆವತ್ತು...’ ಎಂದಳು. ‘ಹೋದ ನೀರಿಗೆ ಈಗ ಕಟ್ಟೆ ಕಟ್ಟೋಕಾಗುತ್ತೇನಮ್ಮ,’ ಎಂದರು ಅವರು, ಅವಳು ಸಮಾಧಾನ ಹೇಳಲು ಬಂದಿದ್ದಾಳೆಂಬಂತೆ. ಅವರಿಗೆ ನೆನಪಿದೆಯೇ ಇಲ್ಲವೇ ಎಂಬುದು ಅವಳಿಗೆ ತಿಳಿಯಲಿಲ್ಲ. ಅವರು ತನ್ನನ್ನು ಕಾಪಾಡುತ್ತಿದ್ದರೆ ಅದು ಒಂದು ಬಗೆಯ ನರಕ. ತಾನು ಅಲ್ಲಿದ್ದದ್ದೇ ಮರೆತಿದ್ದರೆ, ತನ್ನ ಹೂಂ ಫ್ಯಾನಿನ ಸದ್ದಿನಷ್ಟೂ ಅವರ ಕಿವಿಯಲ್ಲಿ ಉಳಿದಿಲ್ಲವಾದರೆ, ಅದು ಇನ್ನೊಂದು ಬಗೆಯದು. ಯಾವುದು ಹೆಚ್ಚು ನೋಯುತ್ತದೆ ಎಂದು ನೋಡಿಕೊಂಡಾಗ ಎರಡನೆಯದೆಂದು ಗೊತ್ತಾಗಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮೇಜಿನ ಮೇಲೆ ರಿಜಿಸ್ಟರು ತೆರೆದಿತ್ತು, ಅದರ ಪಕ್ಕದಲ್ಲಿ ತೂತು ಬಿದ್ದ ಡಿಸ್ಕು. ಆಡಳಿತಾಧಿಕಾರಿಯ ಮುಂದೆ ಮುಚ್ಚಳವಿಟ್ಟ ನೀರಿನ ಲೋಟ.

‘ಇಬ್ಬರಿರಬೇಕು ಅಂತ ನಿಯಮ ಮಾಡಿದೋರು ನೀವೇ ಅಂತೆ?’ ಎಂದರು ದೊಡ್ಡ ಡಾಕ್ಟರು.

‘ಹೌದು ಸಾರ್.’

‘ಇಲ್ಲಿ ಒಂದೇ ರುಜು ಇದೆಯಲ್ಲ.’

ಮೇಷ್ಟ್ರು ಲೋಟದ ಮುಚ್ಚಳವನ್ನು ನೋಡುತ್ತಿದ್ದರು. ‘ಒಬ್ಬನೇ ಇದ್ದೆ ಸಾರ್.’

‘ಮೂವತ್ತು ವರ್ಷ ಕೆಲಸ ಮಾಡಿದೋರು. ಎರಡು ಸಾವಿರ ಜನರ ದನಿ ಕಣ್ರೀ. ಅವರ ಮನೆಯೋರಿಗೆ ನಾನು ಏನಂತ ಹೇಳ್ಲಿ?’ ಡಾಕ್ಟರ ದನಿ ಏರಲಿಲ್ಲ. ಅದು ಏರಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಅವರು ಅವಳ ಕಡೆ ತಿರುಗಿದರು. ‘ನೀವು ಆವತ್ತು ಒಳಗೆ ರೆಕಾರ್ಡಿಂಗಲ್ಲಿದ್ರಿ ಅಂತ ಇಲ್ಲಿ ಬರೆದಿದೆ. ನಕಲು ಮಾಡುವಾಗ ನೀವಿರಲಿಲ್ಲ ತಾನೆ?’

ಒಂದನೆಯ ವಾಕ್ಯ ನಾಲಗೆಯ ತುದಿಯಲ್ಲಿತ್ತು. ಅದರ ಮೊದಲಕ್ಷರದ ಆಕಾರಕ್ಕೆ ಬಾಯಿ ತೆರೆದದ್ದೂ ಅವಳಿಗೆ ಗೊತ್ತಾಯಿತು. ಆಡಳಿತಾಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಮುಂದಿನ ವರ್ಷ ಅವಳ ಬಡ್ತಿ; ಗಂಡ ಟವೆಲಿನೊಳಗಿಂದ ಸದ್ಯ ಎಂದದ್ದು; ಎಲ್ಲಿಂದಲೋ ಮನೆಯವರೆಲ್ಲ ನಗುವ ಸದ್ದು.

‘ಹೂಂ,’ ಎಂದಳು.

ಮೇಷ್ಟ್ರು ಆಗ ಒಂದು ಸಲ ಅವಳ ಕಡೆ ನೋಡಿದರು. ಸಿಟ್ಟಾಗಲಿ ಆಶ್ಚರ್ಯವಾಗಲಿ ಇರಲಿಲ್ಲ. ಹಾಳೆಯ ಜೊತೆ ತೆರೆಯನ್ನು ಹೋಲಿಸುವಾಗಿನ ನೋಟ, ಅಷ್ಟೇ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಇವತ್ತಿನಿಂದಲೇ ಕೆಲಸವಿಲ್ಲ, ಕಾಗದ ಮನೆಗೆ ಬರುತ್ತದೆ. ‘ರಿಜಿಸ್ಟರ್ ನೀವು ತಗೊಂಡ್ಹೋಗಿ, ಜೆರಾಕ್ಸ್ ಆಗಿದೆ,’ ಎಂದರು ಆಡಳಿತಾಧಿಕಾರಿ. ಎರಡನೆಯವರ ಅಂಕಣ ಖಾಲಿಯಿರುವ ಪುಟದ ನಕಲು ಯಾವ ತಪ್ಪೂ ಇಲ್ಲದೆ ಆಗಿತ್ತು. ಹೊರಗೆ ಬಂದ ಮೇಲೆ ಮೇಷ್ಟ್ರು, ‘ಊಟ ಆಯ್ತೇನಮ್ಮ?’ ಎಂದು ಕೇಳಿದರು.

ನಾಲ್ಕು ಗಂಟೆಗೆ ಒಂದು ರೆಕಾರ್ಡಿಂಗಿತ್ತು. ಗಂಟಲಿಗೆ ತೆಳುಬಟ್ಟೆ ಸುತ್ತಿಕೊಂಡಿದ್ದ ಐವತ್ತರ ಹೆಂಗಸು, ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗುವವಳು. ‘ಇಪ್ಪತ್ತೆಂಟು ವರ್ಷ ಬಸ್ ಬಿಡಿಸಿದೀನಿ ತಾಯಿ. ಡ್ರೈವರುಗಳು ಹಾರನ್ ಮರೆತಾರು, ನನ್ನ ಬಾಯಿ ಮರೆಯಲ್ಲ,’ ಎಂದಳು. ದನಿ ಒಡೆದ ಮಡಕೆಯ ಹಾಗಿತ್ತು. ಮೂವತ್ತು ವಾಕ್ಯ ಓದಿ ಮುಗಿಸಿ, ‘ಈಗ ನನ್ನದು,’ ಎಂದು ಬೆನ್ನು ನೆಟ್ಟಗೆ ಮಾಡಿಕೊಂಡಳು. ‘ಪ್ರಯಾಣಿಕರ ಗಮನಕ್ಕೆ. ಏಳನೆಯ ಅಂಕಣದಲ್ಲಿ ನಿಂತಿರುವ ಬಸ್ಸು ಇನ್ನು ಕೆಲವೇ ಕ್ಷಣಗಳಲ್ಲಿ ಹೊರಡಲಿದೆ.’ ಆ ಒಂದು ವಾಕ್ಯಕ್ಕೆ ಎಲ್ಲಿಂದ ಬಂತೋ, ಬಿರುಕಿಲ್ಲದ ದನಿ ಬಂತು. ಸ್ಪಂಜಿನ ಗೋಡೆ ಅದನ್ನು ನುಂಗಿತು.

ಆ ಹೆಂಗಸನ್ನೂ ಕರೆದುಕೊಂಡು ಹೊರಗೆ ಬಂದು ಅವಳು ಅಪ್ಪಣೆಯ ಸಾಲು ಟೈಪು ಮಾಡಿದಳು. ಅಭ್ಯಾಸಬಲದಿಂದ ಗಟ್ಟಿಯಾಗಿ ಓದಿದಳು. ಎಲ್ಲಿಂದ, ಎಲ್ಲಿಗೆ, ಯಾವುದನ್ನು. ಓದಿ ಮುಗಿಸಿ, ಬೆರಳನ್ನು ಎಂಟರ್ ಕೀಲಿಯ ಮೇಲಿಟ್ಟು ಕಾದಳು. ಯಾತಕ್ಕೆ ಕಾಯುತ್ತಿದ್ದೇನೆಂದು ಅವಳಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹಿಂದಿನ ಕುರ್ಚಿ ಖಾಲಿಯಿತ್ತು.

‘ಹೂಂ,’ ಎಂದಳು ಬಸ್ಸಿನವಳು, ತನ್ನನ್ನೇ ಕೇಳಿದ್ದೆಂದು ತಿಳಿದು.

‘ನೀವಲ್ಲ... ಅಂದ್ರೆ, ನೋಡಿ ಹೇಳ್ಬೇಕು ಅದನ್ನ.’

‘ಅದಕ್ಕೇನಂತೆ, ನೋಡಿದ್ರಾಯ್ತು.’ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಗೋಡೆಯ ಹಾಳೆಯ ಮೇಲೆ ಒಂದು ಬೆರಳು, ತೆರೆಯ ಮೇಲೆ ಇನ್ನೊಂದು. ‘ಇಲ್ಲೊಂದು ಅಡ್ಡಗೆರೆ, ಅಲ್ಲೊಂದು ಅಡ್ಡಗೆರೆ. ಸರಿ. ಇದೇನು, ಸೊನ್ನೆಯಾ? ತಡೀರಿ, ಅವಸರ ಮಾಡಬೇಡಿ. ತಪ್ಪು ಬೋರ್ಡ್ ಓದಿದ್ರೆ ಐವತ್ತು ಜನ ತಪ್ಪು ಊರಿಗೆ ಹೋಗ್ತಾರೆ.’ ಒಂದೂ ಅರ್ಥವಾಗದಿದ್ದ ಆ ಗುರುತುಗಳನ್ನು ಆ ಹೆಂಗಸು ಬಸ್ಸಿನ ನಂಬರಿನ ಹಾಗೆ ಒಂದೊಂದಾಗಿ ಹೋಲಿಸಿದಳು, ಎರಡು ಸಲ ಮೊದಲಿಂದ ಶುರುಮಾಡಿದಳು. ಗಡಿಯಾರ ನೋಡುವುದು ಬೇಡವೆಂದುಕೊಂಡರೂ ಅವಳ ಕಣ್ಣು ಅತ್ತ ಹೋಯಿತು. ‘ಹೂಂ,’ ಎಂದಳು ಬಸ್ಸಿನವಳು ಕೊನೆಗೆ. ‘ಈಗ ಬಿಡಿ.’

ನಕಲಾದ ಮೇಲೆ ಅವಳು ಮೊದಲಿನದನ್ನು ಕಳಚಿಟ್ಟು, ಹೊಸದರಿಂದ ಹಾಕಿ ಕೇಳಿಸಿದಳು. ಏಳನೆಯ ಅಂಕಣದ ಬಸ್ಸು ಹೊರಡಲಿತ್ತು. ಬಸ್ಸಿನವಳು ತಲೆ ಓರೆ ಮಾಡಿ ಕೇಳಿ, ಕನ್ನಡಕ ಒರೆಸಿಕೊಂಡು, ‘ಎಲ್ಲಿ ರುಜು ಹಾಕಬೇಕು?’ ಎಂದಳು. ಬೇಡವೆನ್ನದೆ ಅವಳು ರಿಜಿಸ್ಟರು ತೆರೆದಳು. ಬಸ್ಸಿನವಳು ಎರಡನೆಯವರ ಅಂಕಣದಲ್ಲಿ ನಿಧಾನವಾಗಿ, ಪೂರ್ತಿ ಹೆಸರು ಬರೆದಳು. ಬರೆದು, ‘ಮೇಲಿನದು ಖಾಲಿ ಬಿಟ್ಟಿದೀರಲ್ಲ?’ ಎಂದು ಕೇಳಿದಳು.

‘ಅಲ್ಲೊಬ್ಬಳಿದ್ದಳು,’ ಎಂದಳು ಅವಳು. ಮಾತು ತಾನಾಗಿ ಬಂತು, ಬಸ್ಸಿನಲ್ಲಿ ಕಟ್ಟಿಕೊಂಡು ಬಂದದ್ದಕ್ಕಿಂತ ಸಲೀಸಾಗಿ. ‘ನೋಡದೆ ಹೂಂ ಅಂದಳು. ತಪ್ಪಾಗಿದೆ ಅಂತ ಗೊತ್ತಾದ ಮೇಲೂ ಹೇಳಲಿಲ್ಲ. ಇವತ್ತು, ನಾನಲ್ಲಿರಲೇ ಇಲ್ಲ ಅಂದಳು. ಅವರ ಕೆಲಸ ಹೋಯ್ತು.’

ಬಸ್ಸಿನವಳು ಅವಳ ಮುಖವನ್ನೂ ಖಾಲಿ ಅಂಕಣವನ್ನೂ ನೋಡಿದಳು, ಹಾಳೆಯನ್ನೂ ತೆರೆಯನ್ನೂ ಹೋಲಿಸಿದ ಹಾಗೆ. ‘ನೀವೇ?’

ಅವಳು ಬಸ್ಸಿನವಳ ಕೈಯಿಂದ ಪೆನ್ನು ತೆಗೆದುಕೊಂಡಳು.

‘ಹೋಗ್ಲಿ ಬಿಡಿ ತಾಯಿ. ನಾನೇನು ಊರೆಲ್ಲ ಸಾರಲ್ಲ. ನಾಳೆಯಿಂದ ಸಾರ್ತೀನಿ ಅಂದ್ರೂ ಆಗಲ್ಲವಲ್ಲ,’ ಎಂದು ನಕ್ಕಳು, ನಗು ಕೆಮ್ಮಾಯಿತು. ಆ ಕೆಮ್ಮು ನಿಲ್ಲುವುದನ್ನು ಕಾಯುತ್ತಿದ್ದಾಗ ಅವಳಿಗೆ ತಾನು ಏನು ಮಾಡಿದೆನೆಂದು ತಿಳಿಯಿತು. ಇಡೀ ಆಸ್ಪತ್ರೆಯಲ್ಲಿ, ನಾಳೆ ಬೆಳಿಗ್ಗೆ ದನಿ ಹೋಗಲಿರುವ ಒಬ್ಬಳನ್ನೇ ನೋಡಿ ಆರಿಸಿ ಹೇಳಿದ್ದಳು. ಆಯ್ಕೆಯಲ್ಲಿ ಒಂದಿಷ್ಟೂ ಅಜಾಗರೂಕತೆಯಿರಲಿಲ್ಲ.

ಬಸ್ಸಿನವಳು ಚೀಲ ಎತ್ತಿಕೊಂಡು ಹೊರಗೆ ಇಣುಕಿದಳು. ‘ಯಾರೋ ಬುತ್ತಿ ಹಿಡ್ಕೊಂಡು ಲಿಫ್ಟಿಗೆ ಕಾಯ್ತಿದಾರೆ. ನಾನೂ ಅವರ ಜೊತೇಲೇ ಇಳೀತೀನಿ.’ ಬಾಗಿಲು ತಾನಾಗಿ ಮುಚ್ಚಿಕೊಳ್ಳುವಂಥದ್ದು, ಆದರೆ ಪೂರ್ತಿ ಮುಚ್ಚುತ್ತಿರಲಿಲ್ಲ. ಮೇಷ್ಟ್ರು ಎಷ್ಟೋ ಸಲ ಬರೆದುಕೊಟ್ಟರೂ ಯಾರೂ ಸರಿಮಾಡಿರಲಿಲ್ಲ. ಸಂದಿಯಲ್ಲಿ ಇಸ್ತ್ರಿ ಮಾಡಿದ ಅಂಗಿಯ ಬೆನ್ನು ಕಾಣುತ್ತಿತ್ತು. ಲಿಫ್ಟು ಕೆಳಗೆಲ್ಲೋ ನರಳಿತು. ಬರಲು ಇನ್ನೂ ನಾಲ್ಕು ನಿಮಿಷವಾದರೂ ಬೇಕು. ಬಸ್ಸಿನವಳ ದನಿ ಹೋಗುವುದು ನಾಳೆ ತಾನೇ, ಇವತ್ತು ಇದೆಯಲ್ಲ, ಮೇಷ್ಟ್ರಿಗೆ ಹೇಳಿಬಿಡಬಹುದಲ್ಲ, ಎಂಬುದು ಅವಳಿಗೆ ಆಗ ಹೊಳೆಯಿತು. ಪೆನ್ನು ಬೆರಳ ನಡುವೆಯೇ ಇತ್ತು, ಖಾಲಿ ಅಂಕಣದ ಮೇಲೆ. ಎದ್ದು ಹೋಗಲು ಹನ್ನೆರಡು ಹೆಜ್ಜೆ. ಅವಳು ಎಣಿಸಿದ್ದಳು.

‘ನೀವೂ ಇಲ್ಲೇ ಕೆಲಸ ಮಾಡೋದಾ?’ ಬಸ್ಸಿನವಳ ಒಡಕುದನಿ ಕೇಳಿಸಿತು.

ಮೇಷ್ಟ್ರು ಬುತ್ತಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು. ಆಮೇಲೆ, ‘ಹೂಂ,’ ಎಂದರು.

ಲಿಫ್ಟು ಅವತ್ತು ಬೇಗ ಬಂತು.